ಕೆಂಪು ಕಣಿವೆಗೆ ಇಳಿಯುವ ದಾರಿ

ಏಪ್ರಿಲ್ 17, ಗುರುವಾರ. ರಾತ್ರಿ ಒಂಬತ್ತೂವರೆ.

ಇಡೀ ದಿನ ಬ್ಯಾಗ್ ತುಂಬುವುದರಲ್ಲೇ ಹೋಯಿತು. ಸಂಜೆ ಇವರ ಅಕ್ಕ ಶೈಲಜಾ ಪಕ್ಕದ ಊರು ರಾಬಿನ್ಸ್‌ವಿಲ್‌ನಿಂದ ಬಂದರು. ಬಾಗಿಲಲ್ಲಿದ್ದ ನನ್ನ ಹೊಸ ಬೂಟು ನೋಡಿ ಮುಖ ಸಿಂಡರಿಸಿದರು.

"ನನ್ನ ತಮ್ಮ ಹೋಗಿ ಇನ್ನೂ ಎಂಟು ತಿಂಗಳು. ವರ್ಷ ತುಂಬೋ ತನಕ ಬೆಟ್ಟ ಹತ್ತಬಾರದು ಕಣೇ, ಗೊತ್ತಿಲ್ವಾ ನಿಂಗೆ?"

"ಅದು ಕಣಿವೆ ಅತ್ತಿಗೆ. ಹತ್ತಲ್ಲ, ಇಳೀತೀನಿ."

"ಇಳಿದ್ಮೇಲೆ ಅಲ್ಲೇ ಇರ್ತೀಯಾ? ವಾಪಸ್ ಹತ್ತಲೇಬೇಕಲ್ಲ!"

"ಹತ್ತೋವಾಗ ನಿಮ್ಮ ತಮ್ಮನ ಅಪ್ಪಣೆನೇ ಕೇಳ್ಕೋತೀನಿ" ಎಂದೆ. ಅವರು ಕಾರಿನ ಕೀ ಎತ್ತಿಕೊಂಡರು.

ಯುಟಾ ರಾಜ್ಯದ ಆ ಕೆಂಪು ಬಂಡೆಗಳ ಕಣಿವೆಯ ನಕ್ಷೆಯ ಮೇಲೆ ಇವರು ಪೆನ್ಸಿಲ್‌ನಲ್ಲಿ ನಮ್ಮ ದಾರಿ ಗುರುತು ಮಾಡಿದ್ದಾರೆ. ನನ್ನ ಮಂಡಿನೋವಿಗೆಂದು ಕೂರುವ ಜಾಗಗಳಿಗೆಲ್ಲ ಸುತ್ತು ಹಾಕಿದ್ದಾರೆ. ಒಟ್ಟು ಏಳು. ಆಸ್ಪತ್ರೆಯ ಹಾಸಿಗೆಯಲ್ಲೂ ತಿದ್ದುತ್ತಿದ್ದರು. ನೆರಳಿಲ್ಲವೆಂದು ಎಂಟನೆಯದನ್ನು ಅಳಿಸಿದರು. ಇಷ್ಟು ಯೋಚಿಸಿದವರಿಗೆ ನಾನು ಮನೆಯಲ್ಲಿ ಕುಳಿತು ಯಾವ ಮರ್ಯಾದೆ ತೋರಿಸಲಿ? ಏಳು ಕಡೆಯೂ ಕೂರುತ್ತೇನೆ. ನೋವಿಲ್ಲದಿದ್ದರೂ ಕೂರುತ್ತೇನೆ. ದೋಷ ಬಂದರೆ ನನಗೇ ಬರಲಿ.

ನಾಳೆ ಬೆಳಿಗ್ಗೆ ಆರು ಐವತ್ತಕ್ಕೆ ನೆವಾರ್ಕ್‌ನಿಂದ ವಿಮಾನ.