ತಪಸ್ಸುಕಾಲದ ಆಟ

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ

ಮಗಳು ಮಾಯಾಳ ಸ್ಕೂಲ್ ಬಸ್ ಹೋಯಿತು. ಪಾತ್ರೆ ಮೆಷಿನ್‌ಗೆ ಹಾಕಿದೆ. ಆಮೇಲೆ ಲ್ಯಾಪ್‌ಟಾಪ್. ಮತ್ತೆ ಅದೇ ಸೈಟ್ — ನಮ್ಮ ಕಾಲದ ವಿಡಿಯೋ ಗೇಮ್‌ಗಳೆಲ್ಲ ಬ್ರೌಸರ್‌ನಲ್ಲೇ ಓಡುತ್ತವೆ, ಕ್ಯಾಸೆಟ್ ಊದಿ ಹಾಕುವ ಗೋಜಿಲ್ಲ. ಮೈಸೂರಿನಲ್ಲಿ ಅಣ್ಣಂದಿರು ಆಡುವಾಗ ನನ್ನನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಈಗ ಬಂದು ನೋಡಲಿ!

ನಾಚಿಕೆಯಾಗಬೇಕು ನನಗೆ. ತಪಸ್ಸುಕಾಲ, ಅಂದರೆ ಲೆಂಟ್, ಮುಗಿದು ಈಸ್ಟರ್ ಬರುವವರೆಗೆ ಮನೆಯಲ್ಲಿ ಎಲ್ಲರಿಗೂ ಗೇಮ್ ಬಂದ್ ಅಂತ ರೂಲ್ ಮಾಡಿದವಳು ನಾನೇ. ಮಾಯಾ ಇದೇ ಸೈಟಿನಲ್ಲಿ ತನ್ನ ಆಟದ ಕೊನೆಯ ಕೋಟೆಯವರೆಗೆ ಬಂದಿದ್ದಳು. ಅತ್ತಳು. ಆದರೂ ಬಿಟ್ಟಳು. ಹನ್ನೊಂದು ವರ್ಷದ ಹುಡುಗಿ.

ಮಾರ್ಚ್ 14, ಶುಕ್ರವಾರ

ಚರ್ಚಿನಲ್ಲಿ ಶಿಲುಬೆಹಾದಿ ಪ್ರಾರ್ಥನೆ ಮುಗಿಸಿ ಇಸ್ಸಾಕ್ವಾದ ನಮ್ಮ ಮನೆಗೆ ವಾಪಸ್. ಕಾರಿನಲ್ಲಿ ಮಾಯಾ, "ಐ ಮಿಸ್ ಮೈ ಗೇಮ್, ಅಮ್ಮಾ. ನಿಂಗೆ ಕಷ್ಟ ಆಗಲ್ವಾ?"

"ಅಭ್ಯಾಸ ಆಗತ್ತೆ ಪುಟ್ಟಾ" ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ಮಾರ್ಚ್ 27, ಗುರುವಾರ

ಇಷ್ಟು ದಿನ ಬರೆಯಲಿಲ್ಲ... ಆಡುತ್ತಿದ್ದೆ. ಇವತ್ತು ಡೆನ್ನಿ ರಸ್ತೆಯ ಆಫೀಸಿನಿಂದ ಲಾರೆನ್ಸ್ ಮಧ್ಯಾಹ್ನವೇ ಬಂದರು. ಗರಾಜ್ ಬಾಗಿಲ ಸದ್ದು. ಗಂಡನ ಮುಂದೆ ಸಿಕ್ಕಿಬಿದ್ದರೆ! ಗಾಬರಿಯಲ್ಲಿ ಹಿಸ್ಟರಿ ಕ್ಲಿಯರ್ ಒತ್ತಿದೆ. ಕಂಡ ಕಂಡ ಬಾಕ್ಸಿಗೆಲ್ಲ ಟಿಕ್.

"ಏನ್ ಮಾಡ್ತಿದೀಯ?"

"ತರಕಾರಿ ಆರ್ಡರ್ ಮಾಡ್ತಿದೀನಿ ಕಣ್ರೀ."

ಸುಮ್ಮನೆ ನಕ್ಕರು.

ಏಪ್ರಿಲ್ 20, ಈಸ್ಟರ್

ಚರ್ಚಿನ ಬಲಿಪೂಜೆಯಿಂದ ಬಂದವಳೇ ಮಾಯಾ ಹೊಸ ಫ್ರಾಕ್ ಕೂಡ ಬಿಚ್ಚದೆ ಲ್ಯಾಪ್‌ಟಾಪ್ ತೆರೆದಳು. ಆಟ ಮೊದಲಿನಿಂದ ಶುರುವಾಯಿತು. ಕೋಟೆ ಇಲ್ಲ. ಅವಳು ಸೇವ್ ಮಾಡಿದ್ದೆಲ್ಲ ಬ್ರೌಸರ್‌ನಲ್ಲೇ ಇತ್ತಂತೆ. ಹಿಸ್ಟರಿಯ ಜೊತೆ ಅದನ್ನೂ ಅಳಿಸಿದ್ದೆ ನಾನು.

"ಹೂ ಡಿಲೀಟೆಡ್ ಇಟ್?"

ಲಾರೆನ್ಸ್ ನನ್ನ ಮುಖ ನೋಡಿದರು. "ಸಾರಿ ಪುಟ್ಟಾ, ನಾನೇ. ಸ್ಲೋ ಆಗಿತ್ತು ಅಂತ ಎಲ್ಲಾ ಕ್ಲೀನ್ ಮಾಡ್ಬಿಟ್ಟೆ."

ಅವರಿಗೆ ಗೊತ್ತಿತ್ತು. ತರಕಾರಿ ಅಂದಾಗ ನಕ್ಕರಲ್ಲ, ಅಂದೇ ಗೊತ್ತಾಗಿತ್ತು. ನಾನು ಅಡುಗೆಮನೆಗೆ ಎದ್ದು ಹೋದೆ. ಎಲ್ಲರಿಗೂ ಬಿರಿಯಾನಿ ಬಡಿಸಿದೆ... ಥೂ.

ಏಪ್ರಿಲ್ 23, ಬುಧವಾರ

ಮಾಯಾ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಇವರು ಹತ್ತಿರ ಹೋದರೆ ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ.

"ನಾನ್ ಹೇಳ್ಬಿಡ್ತೀನಿ ರೀ."

"ಬಿಡೇ. ನನ್ ಮೇಲಿನ ಸಿಟ್ಟು ನಾಲ್ಕ್ ದಿನ. ನಿನ್ನ ತುಂಬ ನಂಬಿದಾಳೆ ಅವ್ಳು."

ಸರಿ ಅಂದೆ. ಅಷ್ಟು ಬೇಗ ಒಪ್ಪಿಕೊಂಡೆನಲ್ಲ, ಅದೇ ಚುಚ್ಚುತ್ತಿದೆ.

ಏಪ್ರಿಲ್ 25, ಶುಕ್ರವಾರ, ಸಂಜೆ

ಮಾಯಾ ಬಸ್ಸಿಳಿದು ಬಂದವಳು ಸೋಫಾದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟಳು. "ಅಪ್ಪ ಡೋಂಟ್ ಕೇರ್. ನಾವಿಬ್ರೇ ಅಮ್ಮಾ, ಪ್ರಾಪರ್ ಆಗಿ ಲೆಂಟ್ ಮಾಡಿದ್ದು. ಯೂ ಆಂಡ್ ಮೀ."

ತಡೆಯಲಾಗಲಿಲ್ಲ. "ಅಪ್ಪ ಅಲ್ಲ ಕಣೇ, ಅಳಿಸಿದ್ದು."

ಯಾರು ಅಂತ ಕೇಳಲೇ ಇಲ್ಲ. ನನ್ನ ಕೈಯನ್ನು ತನ್ನ ತಲೆಯಿಂದ ತೆಗೆದು ಪಕ್ಕಕ್ಕಿಟ್ಟಳು. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ತಟ್ಟಿದೆ. ತೆಗೆಯಲಿಲ್ಲ. ಆಡಿದ್ದನ್ನೂ ಹೇಳಬೇಕು, ಎಲ್ಲಾ ಹೇಳಬೇಕು. ಎಲ್ಲಿಂದ ಶುರು ಮಾಡಲಿ ಅಂತ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮೊದಲು—

ಅವಳ ರೂಮಿನ ಬಾಗಿಲು ತೆರೆಯಿತು. ಬರುತ್ತಿದ್ದಾಳೆ. ಬರೆದದ್ದು ಸಾಕು, ಹೇಳುತ್ತೇನೆ.