ಸ್ಟ್ಯಾಂಡ್ ಮುಚ್ಚಿದೆ

೧೧, ಬುಧವಾರ. ಬೆಳಗ್ಗೆ

ಮತ್ತೆ ನಾನೇ. ಇವತ್ತು ಮ್ಯೂಸಿಯಂ ಮೆಟ್ಟಿಲು.

ಒಳಗೆ ಬ್ಯಾಗ್ ಬಿಡುವುದಿಲ್ಲವಂತೆ. ನಾನು ಬೋರ್ಡ್ ಓದಿ ಮುಗಿಸುವುದರೊಳಗೆ ತಮ್ಮ, ಅವನ ಹೆಂಡತಿ, ಮಗಳು ಮೂವರೂ ಹೆಗಲಿಂದ ಇಳಿಸಿ ನನ್ನ ಕಾಲ ಬುಡದಲ್ಲಿ ಇಟ್ಟಾಗಿತ್ತು. ತಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ. ಮೊನ್ನೆ ಗಡಿಯಾರದ ಗೋಪುರದ ಹತ್ತಿರ ಹೇಳಿ ಆಗಿದೆಯಲ್ಲ — ಅಕ್ಕ ಹೇಗೂ ಸ್ಟ್ಯಾಂಡಿನವಳು, ಕಾಯುವುದು ಅವಳಿಗೆ ನೀರು ಕುಡಿದ ಹಾಗೆ.

ಸುಳ್ಳಲ್ಲ. ಬಸ್ ನಿಲ್ದಾಣದ ಎದುರಿನ ಸೈಕಲ್ ಸ್ಕೂಟರ್ ಸ್ಟ್ಯಾಂಡ್ ನನ್ನದೇ. ಅರ್ಧ ಟೋಕನ್ ಗಾಡಿಗೆ, ಇನ್ನರ್ಧ ಗಿರಾಕಿ ಕೈಗೆ. ಜನ ಗಾಡಿ ಬಿಟ್ಟು ಬಸ್ ಹತ್ತುತ್ತಾರೆ, ಎಲ್ಲೆಲ್ಲಿಗೋ ಹೋಗುತ್ತಾರೆ, ಬರುತ್ತಾರೆ. ನಾನು ಅಲ್ಲೇ. ಮೊದಲ ಸಲ ನಾನೂ ಎಲ್ಲಿಗೋ ಹೊರಟೆ ಅಂತ ಕುಣಿದುಕೊಂಡು ಬಂದರೆ, ಸ್ಟ್ಯಾಂಡೂ ಹಿಂದೆಯೇ ರೈಲು ಹತ್ತಿ ಬಂದಿದೆ.

ಬ್ಯಾಗಿಗಿಂತ ಸ್ಕೂಟರ್ ವಾಸಿ. ಅದಕ್ಕೆ ಹಾರ್ನ್ ಆದರೂ ಇದೆ, ಬೇಜಾರಾದರೆ ಒತ್ತಬಹುದು.

ಈ ಊರನ್ನು ಮೊಣಕಾಲಿನ ಕೆಳಗೆ ಚೆನ್ನಾಗಿ ನೋಡಿದ್ದೇನೆ. ಎಂಥೆಂಥ ಬೂಟು, ಎಂಥೆಂಥ ಹಿಮ್ಮಡಿ! ಮುಖ ಮಾತ್ರ ಒಂದೂ ನೆನಪಿಲ್ಲ. ಸಮುದ್ರವನ್ನೂ ನೋಡಿದೆ — ಎರಡು ದೊಡ್ಡ ಕಟ್ಟಡಗಳ ನಡುವೆ, ಯಾರೋ ಒಣಗಲು ಹಾಕಿದ ನೀಲಿ ಬಟ್ಟೆಯ ಅಂಚಿನ ಹಾಗೆ ಒಂದು ಗೀಟು. ಟ್ಯಾಕ್ಸಿ ತಿರುಗಿತು, ಅದೂ ಹೋಯಿತು.

ಬಂದರು. ತಮ್ಮನ ಮಗಳು ಓಡಿ ಬರುತ್ತಿದ್ದಾಳೆ, ಕೈಯಲ್ಲಿ ಫೋನು. ದಿನವಿಡೀ ಫೋಟೋ ತೆಗೆಯುತ್ತಾಳೆ, ಅದಕ್ಕೇ ಅವಳಿಗೆ ನಾನಿಟ್ಟ ಹೆಸರು ಫೋಟೋ. ಒಳಗಿದ್ದ ತಿಮಿಂಗಿಲದ ಮೂಳೆ ತೋರಿಸುತ್ತಾಳಂತೆ. ಫೋನಿನಲ್ಲಿ ಅದು ಮುರಿದ ಬಾಚಣಿಗೆ ತರ ಕಾಣುತ್ತದೆ.

ಅದೇ ದಿನ. ಸಂಜೆ, ರೂಮಿನಲ್ಲಿ

ಕೇಳಿಯೇಬಿಟ್ಟೆ.

ತಮ್ಮ ನಾಳೆಯ ಪ್ರೋಗ್ರಾಂ ಓದುತ್ತಿದ್ದ. ಈ ಟೂರಿಗೆ ಅವನೇ ಮ್ಯಾನೇಜರ್ — ಎಷ್ಟು ಗಂಟೆಗೆ ಏಳಬೇಕು, ಎಷ್ಟು ಗಂಟೆಗೆ ಖುಷಿಪಡಬೇಕು ಎಲ್ಲ ಬರೆದುಕೊಂಡಿದ್ದಾನೆ. ನಾಳೆ ಬೋಟ್. ಬಂದರಿನಿಂದ ಹೊರಟು ಲೈಟ್‌ಹೌಸ್ ಇರುವ ಬಂಡೆಯ ತನಕ, ಅಲ್ಲಿಂದ ವಾಪಸ್. ದೊಡ್ಡ ಲಗೇಜ್ ಹಾಕುವ ಹಾಗಿಲ್ಲ.

"ನಾಳೆ ಬೋಟಿಗೆ ನಾನು ಹೋಗ್ತೀನಿ ಕಣೋ," ಅಂದೆ.

ಮೂವರೂ ನಕ್ಕರು. ನಾನು ಏನು ಹೇಳಿದರೂ ಮೊದಲು ನಗುವುದು ಅವರಿಗೆ ಅಭ್ಯಾಸ, ನಗಿಸಿ ನಗಿಸಿ ನಾನೇ ಮಾಡಿಸಿದ ಅಭ್ಯಾಸ. ನಾನು ನಗಲಿಲ್ಲ. ಆಗ ತಮ್ಮ ಕನ್ನಡಕ ತೆಗೆದು ನನ್ನ ಮುಖ ನೋಡಿದ. ಆಯ್ತು ಹೋಗು, ಬ್ಯಾಗ್ ಹತ್ತಿರ ನಾನು ಕೂರುತ್ತೇನೆ, ನನಗೂ ಬಿಸಿಲಲ್ಲಿ ತಲೆ ತಿರುಗುತ್ತದೆ ಅಂದ. ತಮ್ಮನ ಹೆಂಡತಿ ಮಾತ್ರ, ನಿಮಗೆ ನೀರಿನ ಮೇಲೆ ಆಗಿಬರುತ್ತಾ ಅಕ್ಕ ಅಂತ ಎರಡು ಸಲ ಕೇಳಿದಳು. ಆಗಿಬರದಿದ್ದರೆ ಸಮುದ್ರಕ್ಕೇ ವಾಂತಿ ಮಾಡುತ್ತೇನೆ, ಅದೇನು ತುಂಬಿ ಹೋಗುತ್ತದಾ ಅಂದೆ.

ರೂಮಿನ ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗಿನ ಗೋಡೆ. ಮೂಗು ತಾಗುವಷ್ಟು ಹತ್ತಿರ. ಆದರೂ ತೆಗೆದೇ ಇಟ್ಟಿದ್ದೇನೆ. ಗಾಳಿ ಉಪ್ಪುಪ್ಪು.

೧೨, ಗುರುವಾರ. ಸಂಜೆ

ಹೋಗಲಿಲ್ಲ.

ಬರೆಯುವುದು ಬೇಡ ಅಂದುಕೊಂಡೆ. ಬರೆಯದಿದ್ದರೆ ಹೊಟ್ಟೆಯಲ್ಲೇ ಕೊಳೆಯುತ್ತದೆ.

ಬೋಟಿನ ಕ್ಯೂನಲ್ಲಿದ್ದೆ. ಕೈಯಲ್ಲಿ ಟಿಕೆಟ್. ತಮ್ಮ ಆ ಕಡೆ ಬೆಂಚಿನ ಮೇಲೆ ಬ್ಯಾಗುಗಳ ನಡುವೆ, ಮುಖ ಊದಿಸಿಕೊಂಡು. ಫೋಟೋ, ಅವಳಮ್ಮ ಮುಂದೆ ಹತ್ತಿಯಾಗಿತ್ತು. ನನ್ನ ಮುಂದೆ ಇನ್ನೊಂದು ಸಂಸಾರ, ಅಷ್ಟೇ. ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ದೊಡ್ಡ ಸೂಟ್‌ಕೇಸು. ಮಗು ಬಟ್ಟೆ ಹಾಳು ಮಾಡಿಕೊಂಡಿದೆ, ತೊಳೆಸಿಕೊಂಡು ಬರುತ್ತೇನೆ, ಇದನ್ನು ಸ್ವಲ್ಪ ನೋಡಿಕೊಳ್ಳುತ್ತೀರಾ ಅಂದಳು.

"ಇಡಿ," ಅಂದೆ.

ನಾನಲ್ಲ, ನನ್ನ ಬಾಯಿ. ಬೆಳಗಿಂದ ಸಂಜೆ ತನಕ ಸ್ಟ್ಯಾಂಡಿನಲ್ಲಿ ಬಾಯಿಗೆ ಬರುವುದು ಅದೊಂದೇ ಮಾತು. ತಲೆಗೆ ಗೊತ್ತಾಗುವಷ್ಟರಲ್ಲಿ ಅವಳು ಜನರ ನಡುವೆ ಮಾಯ.

ಬೋಟ್ ಹೊರಡುವ ಹೂಟರ್ ಆಯಿತು. ಫೋಟೋ ಬೋಟಿನಿಂದ ಅತ್ತೇ ಅತ್ತೇ ಅಂತ ಕೂಗಿದಳು. ಟಿಕೆಟ್ ಹರಿಯುವವನು, ಬನ್ನಿ, ಇಲ್ಲಾಂದ್ರೆ ಸರೀರಿ ಅಂದ. ಸೂಟ್‌ಕೇಸನ್ನು ಒದ್ದು ಹೋಗಬಹುದಿತ್ತು. ಆಗಲಿಲ್ಲ. ಇಡಿ ಅಂದ ಮೇಲೆ ಬಿಟ್ಟು ಹೋಗುವುದು ನನ್ನ ಕಸುಬಿನಲ್ಲೇ ಇಲ್ಲ. ಸರಿದು ನಿಂತೆ. ಬೋಟ್ ಹೋಯಿತು.

ನನ್ನ ನಿಲುವು ನೋಡಿ ಇನ್ಯಾವನೋ ತನ್ನ ಸೈಕಲ್ ತಂದು ನನ್ನ ಪಕ್ಕ ಒರಗಿಸಿ ಚಹಾ ಕುಡಿಯಲು ಹೋದ. ಏನೂ ಕೇಳಲೂ ಇಲ್ಲ.

ತಮ್ಮ ಬೆಂಚಿನಿಂದ ಎದ್ದು ಬಂದ. ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೇಳಿದ್ದು ಇದು:

"ನೀನು ಹೇಗೂ ಇಲ್ಲೇ ಇದೀಯಲ್ಲ ಅಕ್ಕ. ಟಿಕೆಟ್ ಯಾಕೆ ದಂಡ ಮಾಡೋದು? ಮುಂದಿನ ಬೋಟಿಗೆ ನಾನೇ ಹೋಗ್ಬರ್ತೀನಿ."

ನನ್ನ ಕೈಯಿಂದಲೇ ತೆಗೆದುಕೊಂಡ. ತಲೆ ತಿರುಗುತ್ತದೆ ಅಂದವನು ನೆಟ್ಟಗೆ ಹೋಗಿ ಬೋಟಿನ ತುದಿಯಲ್ಲೇ ನಿಂತ. ನನಗೆ ಕೈ ಬೀಸಿದ. ನಾನೂ ನಗುತ್ತಲೇ ಬೀಸಿದೆ, ದಡ್ಡಿ. ಸೂಟ್‌ಕೇಸಿನ ಹೆಂಗಸು ಬಂದದ್ದು ಆ ಬೋಟೂ ಹೋದ ಮೇಲೆ.

ಊಟದ ಹೊತ್ತಿಗೆ ಇದೇ ಕಥೆ. ಅವನು ನನ್ನ ಹಾಗೆ ಎದ್ದು ನಿಂತು, ಸೂಟ್‌ಕೇಸ್ ಹಿಡಿದು, ಇಡಿ ಇಡಿ ಅಂತ ಆಡಿ ತೋರಿಸಿದ. ಪಕ್ಕದ ಟೇಬಲ್ಲಿನವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು.

ಈಗ ದವಡೆ ನೋಯುತ್ತಿದೆ.

೧೪, ಶನಿವಾರ. ಬೆಳಗ್ಗೆ, ಹೋಟೆಲಿನ ಲಾಬಿ

ನಿನ್ನೆ ಬರೆಯಲಿಲ್ಲ. ನಿನ್ನೆ ಮಾರ್ಕೆಟ್ ಬೀದಿಯ ಬಾಯಲ್ಲಿ ಕೂತಿದ್ದೆ, ಅಷ್ಟೇ. ನಗಲೂ ಇಲ್ಲ. ಯಾರೂ ಗಮನಿಸಲಿಲ್ಲ.

ಇವತ್ತು ಕೊನೇ ದಿನ. ಸಂಜೆ ರೈಲು. ರೂಮ್ ಖಾಲಿ ಮಾಡಿ ಲಗೇಜೆಲ್ಲ ಲಾಬಿಗೆ ತಂದಾಗಿದೆ. ಮ್ಯಾನೇಜರ್ ತಮ್ಮನ ಪ್ರೋಗ್ರಾಂ ಪ್ರಕಾರ ಅವರು ಮೂವರೂ ದೊಡ್ಡ ಪಾರ್ಕು, ಆಮೇಲೆ ಮಾಲ್. ನನ್ನ ಪ್ರೋಗ್ರಾಂ ಈ ಸೋಫಾ. ಚಹಾ ಬೇಕಾದರೆ ಕೌಂಟರಿನವನಿಗೆ ಹೇಳು ಅಂದ, ಉಪಕಾರ ಮಾಡಿದವನ ಹಾಗೆ. ಹೋದರು.

ಅವರ ಟ್ಯಾಕ್ಸಿ ತಿರುವು ದಾಟುವ ತನಕ ನೋಡಿದೆ.

ಸ್ಟ್ಯಾಂಡಿನಲ್ಲಿ ಒಂದು ಕ್ರಮ ಇದೆ. ಸಂಜೆ ಮುಚ್ಚುವ ಹೊತ್ತು ಆಯಿತು ಅಂದರೆ ಆಯಿತು. ಟೋಕನ್ ಹಿಡಿದು ಯಾರೂ ಬರದ ಗಾಡಿಗಳನ್ನೆಲ್ಲ ಒಟ್ಟಿಗೆ ಸೇರಿಸಿ ಉದ್ದನೆಯ ಚೈನ್ ತೂರಿಸಿ ಕಂಬಕ್ಕೆ ಬೀಗ ಹಾಕುವುದು, ಕೀಲಿ ಸೊಂಟಕ್ಕೆ, ನಾನು ಮನೆಗೆ. ರಾಜ ಬಂದರೂ ಬೆಳಗ್ಗೆಯೇ. ಇಲ್ಲಿಗೆ ಬಂದಾಗಿಂದ ಮರೆತೇ ಹೋಗಿತ್ತು ನೋಡು — ತೆಗೆಯುವುದೊಂದೇ ಅಲ್ಲ, ಮುಚ್ಚುವುದೂ ನನ್ನ ಕಸುಬೇ.

ರೈಲಿನಲ್ಲಿ ಲಗೇಜಿಗೆ ಹಾಕುವ ಚೈನು, ಬೀಗ, ಕೀಲಿ ಎಲ್ಲ ತಮ್ಮನ ಬ್ಯಾಗಿನ ಹೊರಗಿನ ಜೇಬಿನಲ್ಲೇ ಇತ್ತು. ಎಲ್ಲ ಹಿಡಿಗಳಿಗೂ, ಜಿಪ್ಪಿನ ಕೊಂಡಿಗಳಿಗೂ ತೂರಿಸಿದೆ. ನಡುವೆ ದಪ್ಪ ಕಂಬ ಇದೆ, ಅದರ ಸುತ್ತ ಒಂದು ಸುತ್ತು. ಬೀಗ ಕಟಕ್ ಅಂತು. ಆಹಾ.

ಕೌಂಟರಿನವನು ಕತ್ತು ಉದ್ದ ಮಾಡಿ ನೋಡುತ್ತಿದ್ದಾನೆ. ಏನಮ್ಮ ಇದು ಅಂದ. ನನ್ನವರು ಬಂದು ಕೇಳಿದರೆ ಸ್ಟ್ಯಾಂಡ್ ಮುಚ್ಚಿದೆ ಅಂತ ಹೇಳಪ್ಪ ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ತಲೆ ಆಡಿಸಿದ.

ಕೀಲಿ ನನ್ನ ಹತ್ತಿರ. ಹೊರಟೆ.

ಅದೇ ದಿನ. ಮಧ್ಯಾಹ್ನ, ಆಚೆ ದಡ

ಕೈ ಒದ್ದೆ. ಅಕ್ಷರ ಕಲಸಿದರೆ ಕಲಸಲಿ.

ಮೊದಲನೇ ಬಸ್ಸೇ ತಪ್ಪು. ಬಂದರು ಅಂತ ಕೇಳಿ ಹತ್ತಿದೆ, ಅದು ಹೋಗಿದ್ದು ಬೇರೆ ಬಂದರಿಗೆ. ಈ ಊರಿಗೆ ಎಷ್ಟು ಬಂದರೋ! ಊರು ಮುಗಿಯಿತು ಅಂದುಕೊಂಡಾಗಲೆಲ್ಲ ಇನ್ನೊಂದು ಊರು ಶುರುವಾಗುತ್ತದೆ. ಫ್ಲೈಓವರ್ ಮೇಲೆ ಹೋದರೆ ಯಾರದೋ ಅಡುಗೆಮನೆಯ ಕಿಟಕಿ ಪಕ್ಕದಲ್ಲೇ ಬರುತ್ತದೆ — ಒಬ್ಬಾಕೆ ಪಾತ್ರೆ ತೊಳೆಯುತ್ತ ನನ್ನನ್ನೇ ನೋಡಿದಳು. ಕೊನೇ ಸ್ಟಾಪಿನಲ್ಲಿ ಬರೀ ಕಬ್ಬಿಣದ ದೊಡ್ಡ ಡಬ್ಬಗಳು, ಒಂದರ ಮೇಲೊಂದು, ಮನೆಗಿಂತ ಎತ್ತರ. ಅಲ್ಲೂ ಲಗೇಜೇ! ನಗು ತಡೆಯಲಾಗಲಿಲ್ಲ.

ಕಂಡಕ್ಟರ್ ಹೆಂಗಸು ನನ್ನ ವಯಸ್ಸಿನವಳು. ಇಳಿಯದೆ ಕೂತಿದ್ದಕ್ಕೆ, ಇಲ್ಲೇ ಸಂಸಾರ ಹೂಡುತ್ತೀರೋ ಹೇಗೆ ಅಂದಳು. ಸಮುದ್ರದ ಮೇಲೆ ಹೋಗಬೇಕು, ಯಾವ ಬೋಟಾದರೂ ಸರಿ, ಸಂಜೆ ರೈಲಿದೆ ಅಂದೆ. ಟೂರಿಸ್ಟ್ ಬೋಟ್ ಬಿಡಿ, ಅದು ಸುತ್ತು ಹಾಕಿಸಿ ವಾಪಸ್ ತಂದು ಬಿಸಾಕುತ್ತದೆ, ಕೆಲಸದವರು ಹೋಗುವ ಫೆರಿ ಹತ್ತಿ, ಆಚೆ ದಡಕ್ಕೇ ಹೋಗುತ್ತದೆ ಅಂತ ದಾರಿ ಹೇಳಿದಳು. ಅದೇ ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ತಿರುವಿನಲ್ಲಿ ಇಳಿಸಿದಳು.

ಫೆರಿಯಲ್ಲಿ ಕೂರಲು ಜಾಗ ಇಲ್ಲ. ಸೈಕಲ್ಲು, ಏಣಿ, ಪೇಂಟಿನ ಡಬ್ಬ, ನಿದ್ದೆ ಹೋದ ಕೆಲಸದವರು. ನಾನು ಮುಂದಕ್ಕೆ ನುಗ್ಗಿ ಕಂಬಿ ಹಿಡಿದೆ. ಒಬ್ಬ ಬಡಗಿ ತನ್ನ ಹತಾರದ ಚೀಲ ತಂದು, ಅಕ್ಕಾ ಇದನ್ನು ಸ್ವಲ್ಪ ನೋಡಿಕೊಳ್ಳುತ್ತೀರಾ, ಆ ತುದಿಗೆ ಹೋಗಿ ಬೀಡಿ ಸೇದಿ ಬರುತ್ತೇನೆ ಅಂದ.

ಬಾಯಿ ತೆರೆಯಿತು. ಹಲ್ಲು ಕಚ್ಚಿದೆ.

"ಇಲ್ಲಪ್ಪ. ನಾನು ಇವತ್ತು ಏನೂ ನೋಡಿಕೊಳ್ಳಲ್ಲ. ಬರೀ ನೋಡ್ತೀನಿ."

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಹೋದ. ಅಷ್ಟೇನಾ! ಇಲ್ಲ ಅನ್ನುವುದು ಇಷ್ಟು ಸುಲಭವೇ? ಆಕಾಶವೇನೂ ಕಳಚಿ ಬೀಳಲಿಲ್ಲ. ಇದ್ದಲ್ಲೇ ಇತ್ತು — ಎಷ್ಟು ದೊಡ್ಡದು ಅಂತ ಆಗಲೇ ಗೊತ್ತಾಗಿದ್ದು. ಹಿಂದೆ ಊರು ಒಂದು ತುದಿಯಿಂದ ಇನ್ನೊಂದು ತುದಿಗೆ ಹಲ್ಲು ಕಿರಿದ ಹಾಗೆ ನಿಂತಿತ್ತು. ಮುಂದೆ ಏನೂ ಇಲ್ಲ. ನೀರು, ನೀರು. ಬೋಟ್ ಎದ್ದು ಬಿದ್ದಾಗ ಕಂಬಿಗೆ ಜೋತುಬಿದ್ದೆ. ಕೂಗಿದೆ. ಮಲಗಿದ್ದ ಒಬ್ಬ ಎದ್ದು ಕೂತ.

ಅಷ್ಟರಲ್ಲಿ ಫೋನು. ತಮ್ಮ. ಫೋಟೋಗೆ ಹೊಸ ಬೂಟು ಕಚ್ಚಿ ಕಾಲು ಗಾಯವಾಗಿದೆಯಂತೆ, ಹಳೇ ಚಪ್ಪಲಿ ಬ್ಯಾಗಿನಲ್ಲಿದೆಯಂತೆ, ಬಂದು ನೋಡಿದರೆ ಚೈನು. ಒಂದೇ ಸಮ ಬಡಬಡಿಸಿದ — ಎಲ್ಲಿದೀಯ, ಕೀಲಿ ಎಲ್ಲಿ, ತಲೆಗಿಲೆ ಕೆಟ್ಟಿದೆಯಾ.

"ಸ್ಟ್ಯಾಂಡ್ ಮುಚ್ಚಿದೆ," ಅಂದೆ. "ರೈಲಿನ ಹೊತ್ತಿಗೆ ತೆಗೀತೀನಿ."

ಫೋನ್ ಆಫ್.

ಈ ದಡದಲ್ಲಿ ಮರಳು, ಒಂದೆರಡು ದೋಣಿ, ಬಲೆ ಹೊಲಿಯುವ ಒಬ್ಬ ಮುದುಕ. ಚಪ್ಪಲಿ ಬಿಟ್ಟೆ. ಯಾರಿಗೂ ಹೇಳದೆ, ಹಿಂದೆ ತಿರುಗಿ ನೋಡದೆ. ನೀರಿಗಿಳಿದೆ. ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಯಾರೋ ಮಂಚದ ಮೇಲಿನ ಹೊದಿಕೆ ಎಳೆದ ಹಾಗೆ. ಬಿದ್ದೆ. ಎದ್ದೆ. ಮತ್ತೆ ಬೀಳಿಸು ನೋಡೋಣ ಅಂದೆ. ಬೀಳಿಸಿತು.

ಬಂದು ನೋಡಿದರೆ ಒಂದೇ ಚಪ್ಪಲಿ. ಇನ್ನೊಂದನ್ನು ಸಮುದ್ರ ತೆಗೆದುಕೊಂಡು ಹೋಗಿದೆ. ಊರಿನವರ ಗಾಡಿ ಒಂದೂ ಕಳೆಯದವಳು ನಾನು! ಮುದುಕನಿಗೆ ಹೇಳಿದೆ. ಹುಡುಕಲಾ ಅಂತ ಎದ್ದ. ಕೂತುಕೊಳ್ಳಿ ತಾತ, ಅದೂ ಸ್ವಲ್ಪ ತಿರುಗಾಡಿಕೊಂಡು ಬರಲಿ ಅಂದೆ.

ಬಟ್ಟೆ ಒಣಗಲಿ. ಮುಂದಿನ ಫೆರಿಗೆ ಹೊರಡಬೇಕು. ಬೈಗುಳ ಕಾದಿದೆ. ಕಾದಿರಲಿ.

ಅದೇ ದಿನ. ಸಂಜೆ, ರೈಲ್ವೆ ಸ್ಟೇಷನ್

ಲಾಬಿಗೆ ಕಾಲಿಟ್ಟಾಗ ತಮ್ಮ ಅದೇ ಸೋಫಾದ ಮೇಲೆ, ಅದೇ ಬ್ಯಾಗುಗಳ ಮುಂದೆ. ಒಬ್ಬನೇ. ಫೋಟೋಗೆ ಬ್ಯಾಂಡೇಜ್ ಸುತ್ತಿ ತಾಯಿ ಮಗಳು ಮಾಲಿಗೇ ಹೋಗಿದ್ದರಂತೆ. ಲಗೇಜ್ ಬಿಟ್ಟು ಹೋಗಲು ಇವನಿಗೆ ಧೈರ್ಯವಿಲ್ಲ. ಅರ್ಧ ದಿನ ಕೂತಿದ್ದಾನೆ ಪಾಪ. ಮುಖ ಹುಳಿ ತಿಂದ ಹಾಗಿತ್ತು.

ನನ್ನ ಒಂಟಿ ಚಪ್ಪಲಿ ನೋಡಿದ, ಒದ್ದೆ ಬಟ್ಟೆ ನೋಡಿದ. ದನಿ ಎತ್ತಿದ. ಹೆದರಿ ಅರ್ಧ ಆಗಿದ್ದೇನೆ, ಪೊಲೀಸಿಗೆ ಹೇಳುವುದೊಂದು ಬಾಕಿ, ಈ ವಯಸ್ಸಿನಲ್ಲಿ ಇದೇನು ಹುಡುಗಾಟ ಅಂತೆಲ್ಲ. ಕೌಂಟರಿನವನು ನೋಡುತ್ತಿದ್ದ. ನಾನು ಬೀಗ ತೆಗೆಯುತ್ತಿದ್ದೆ.

"ಒಂದು ಮಾತು ಹೇಳಿದ್ರೆ ನಾನೇ ಕೂರ್ತಿರ್ಲಿಲ್ವಾ ಅಕ್ಕ?"

"ಹೇಳಿದ್ನಲ್ಲೋ. ನನ್ನ ಟಿಕೆಟ್ಟಲ್ಲಿ ನೀನು ಹೋದೆ."

"ಅದು... ನೀನು ನಗ್ತಾ ಇದ್ದೆಯಲ್ಲ."

"ಈಗ ನೋಡು. ನಗ್ತಾ ಇದೀನಾ?"

ನೋಡಿದ. ಚೈನನ್ನು ಅವನೇ ಸುತ್ತಿ ಇಟ್ಟ. ಸ್ಟೇಷನ್ ತನಕ ಟ್ಯಾಕ್ಸಿಯಲ್ಲಿ ಹೊರಗಡೆಯೇ ನೋಡುತ್ತಿದ್ದ.

ಈಗ ಪ್ಲಾಟ್‌ಫಾರ್ಮಿನ ಬೆಂಚು. ರೈಲು ಲೇಟ್. ಎಲ್ಲರಿಗೂ ಹಸಿವು. ಊಟದ ಹಾಲ್ ಎದುರಿಗೇ, ಲಗೇಜ್ ಇಲ್ಲಿ. ಮೂವರೂ ನನ್ನನ್ನು ನೋಡುತ್ತಿದ್ದಾರೆ. ನಾನು ತಲೆ ಎತ್ತುವುದಿಲ್ಲ. ಬರೆಯುತ್ತಿದ್ದೇನೆ. ಬಹಳ ಮುಖ್ಯವಾದದ್ದೇನೋ ಬರೆಯುವವಳ ಹಾಗೆ.

ತಮ್ಮ ಕೆಮ್ಮಿದ. ಇನ್ನೊಂದು ಸಲ ಕೆಮ್ಮಿದ. ಕೆಮ್ಮಲಿ.

ತಮ್ಮನ ಹೆಂಡತಿ, ಹತ್ತೇ ನಿಮಿಷ, ಅಕ್ಕ ಇರುತ್ತಾರಲ್ಲ, ನಾವು ಬೇಗ ತಿಂದು ಬಂದು... ಅಂದಳು. ಮಾತು ಅರ್ಧಕ್ಕೇ ನಿಂತಿತು. ಯಾರೂ ಮುಂದುವರಿಸಲಿಲ್ಲ. ನಾನಂತೂ ಮುಂದುವರಿಸುವುದಿಲ್ಲ. ಇಡಿ ಅನ್ನುವ ಬಾಯಿಗೆ ಪೆನ್ನಿನ ಕ್ಯಾಪ್ ಕಚ್ಚಿಸಿದ್ದೇನೆ.

ಫೋಟೋ ಫೋನು ಜೇಬಿಗೆ ಹಾಕಿದಳು. ಕುಂಟುತ್ತ ಬಂದು ನನ್ನ ಪಕ್ಕ ಕೂತು, ಫೋಟೋ ತೆಗೆದೆಯಾ ಅತ್ತೆ ಅಂತ ಮೆಲ್ಲಗೆ ಕೇಳಿದಳು. ಇಲ್ಲ ಕಣೆ ಅಂದೆ. ಮತ್ತೆ ಹೇಗಿತ್ತು ಅಂತ ಹೇಗೆ ಹೇಳುತ್ತೀಯಾ ಅಂದಳು. ಬಾಯಲ್ಲಿ ಹೇಳುತ್ತೇನೆ, ರೈಲು ಪೂರ್ತಿ ಹೇಳುತ್ತೇನೆ, ನಿದ್ದೆ ಮಾಡಲು ಬಿಡುವುದಿಲ್ಲ ಅಂದೆ.

ಟ್ರಾಲಿಯ ಚಕ್ರದ ಸದ್ದು. ಮೆಲ್ಲಗೆ ಓರೆಗಣ್ಣಲ್ಲಿ ನೋಡಿದೆ. ತಮ್ಮ ಎರಡೂ ಹೆಗಲಿಗೆ ಬ್ಯಾಗ್ ಏರಿಸಿಕೊಂಡು, ದೊಡ್ಡದನ್ನು ಎಳೆದುಕೊಂಡು ಊಟದ ಹಾಲಿನ ಬಾಗಿಲು ಹಾಯಲು ಒದ್ದಾಡುತ್ತಿದ್ದಾನೆ. ಹೆಂಡತಿ ಹಿಂದಿನಿಂದ ತಳ್ಳುತ್ತಿದ್ದಾಳೆ. ಫೋಟೋ ಎದ್ದು ಅವರ ಕಡೆಗೆ ಹೋದಳು. ಬೆಂಚಿನ ಹತ್ತಿರ ಈಗ ನನ್ನ ಕೈಚೀಲ ಒಂದೇ.

ಒಳಗೆ ಹೋದರು. ಈ ಸಲ ಊಟದ ಟೇಬಲ್ಲಿನ ಕೆಳಗೆಲ್ಲ ಬ್ಯಾಗು, ಯಾರೂ ಕಾಲು ಚಾಚುವ ಹಾಗಿಲ್ಲ. ಆಗಲಿ. ನಾಲ್ಕು ಜನಕ್ಕೂ ಸಮ.

ಬಾಗಿಲಿಂದ ಮತ್ತೆ ತಮ್ಮನ ತಲೆ. "ಅಕ್ಕಾ, ಬಾರೇ, ಬಡಿಸಿಟ್ಟಿದ್ದಾರೆ, ಆರ್ಹೋಗುತ್ತೆ. ಆ ಚೀಲ ಅಲ್ಲೇ ಇರ್ಲಿ, ನಾನು ಬಂದು ತಗೊಂ—"

ಬೇಡ ಬಿಡು, ನನ್ನದನ್ನ ನಾನೇ ಹೊರುತ್ತೇನೆ. ಬಂದೆ ಕಣೋ, ಬಂದೆ, ಇನ್ನೊಂದೇ ಸಾಲು, ಆಚೆ ದಡದಲ್ಲಿ ನೀರು ಹೇಗಿತ್ತು ಅಂದರೆ