ಬಾಯಿಗೆ ಹೋದ ವೀಳ್ಯ

೧೦ ಜೂನ್ ೧೯೬೩, ಸೋಮವಾರ

ಇವತ್ತೂ ಅದೇ ಮಾತು. ಬೆಳಗ್ಗೆ ಪಾರ್ಕಿನಲ್ಲಿ ಪೈಪು ಹಿಡಿದು ನಿಂತಿದ್ದೆ. ಅಣ್ಣ ತಿಮ್ಮರಾಯಪ್ಪ ಬೇಲಿಯ ಆಚೆ ಬಂದು ನಿಂತ. ಈ ಪಾರ್ಕು ನಮ್ಮ ರಾಗಿ ಹೊಲ. ಜಯನಗರ ಕಟ್ಟುವಾಗ ಹೊಲ ಹೋಯಿತು, ಮಾಲಿ ಕೆಲಸ ಬಂತು. ನಮ್ಮ ಹೊಲದಲ್ಲೇ ಕ್ರೋಟನ್ ಗಿಡಕ್ಕೆ ನೀರು ಬಿಟ್ಟರೆ ಸಂಬಳ ಕೊಡುತ್ತಾರೆ. ರಾಗಿಗೆ ನೀರು ಬಿಟ್ಟಾಗ ಒಬ್ಬನೂ ಕೊಡಲಿಲ್ಲ.

ಅಣ್ಣನದು ಒಂದೇ ಪಲ್ಲವಿ. ನಿನಗೆ ನಲವತ್ತಾರು ತುಂಬಿತು, ಮಕ್ಕಳಾಗಲಿಲ್ಲ, ನನ್ನ ಮೂರನೇ ಮಗ ಮುನಿರಾಜನನ್ನು ದತ್ತು ತಗೋ. ಮನೆ, ಸೈಟು ವಂಶದಲ್ಲೇ ಉಳಿಯುತ್ತದೆ. ಅದು ಬಿಟ್ಟು ಯಾವ ಕುಲವೋ ಏನೋ, ಅನಾಥಾಶ್ರಮದ ಹೆಣ್ಣುಕೂಸು ಯಾಕೆ?

ಮುನಿರಾಜನಿಗೆ ಹದಿನಾಲ್ಕು. ಒಳ್ಳೆಯವನೇ. ಆದರೆ ನನಗಿಂತ ಎತ್ತರ, ಮೀಸೆ ಬೇರೆ ಚಿಗುರುತ್ತಿದೆ. ದತ್ತು ಶಾಸ್ತ್ರದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಅವನು ಕೂತರೆ ನಾನು ಏಳುವುದಿಲ್ಲ ಅಂದೆ. ಅಣ್ಣ ನಗಲಿಲ್ಲ. ಹುಟ್ಟಿದಾಗಿನಿಂದ ನಗಿಸಲು ನೋಡುತ್ತಿದ್ದೇನೆ... ಕಲ್ಲು.

೧೬ ಜೂನ್, ಭಾನುವಾರ

ನಾನು, ಹೆಂಡತಿ ನಾರಾಯಣಮ್ಮ ಆಶ್ರಮಕ್ಕೆ ಹೋಗಿ ಬಂದೆವು. ಮೂರನೇ ಸಲ. ಮಗುವಿನ ಹೆಸರು ಜಯಾ, ನಾಲ್ಕು ವರ್ಷ. ಮೊದಲ ಸಲ ನನ್ನ ಮುಖ ನೋಡಿ ಅತ್ತಿದ್ದಳು. ಇವತ್ತು ಹತ್ತಿರ ಬಂದು ಬಾಯಿ ತೆಗೆಸಿ ನೋಡಿದಳು. “ಹಲ್ಲಿಗೆ ಯಾರು ಹೊಡೆದ್ರು?” ಎಂದು ಕೇಳಿದಳು. ಎಲೆ ಅಡಿಕೆಯ ಕೆಂಪು, ಪಾಪ ರಕ್ತ ಅಂದುಕೊಂಡಿದ್ದಾಳೆ. ಹೆಂಡತಿ ಹೊಡೆದಳು ಅಂದೆ. ಆಮೇಲೆ ನಾರಾಯಣಮ್ಮನ ಪಕ್ಕ ಕೂರಲು ಒಪ್ಪಲೇ ಇಲ್ಲ. ಕನಕಾಂಬರ ತೋರಿಸಿ ಕರೆಯಬೇಕಾಯಿತು. ಬಸ್ಸಿನಲ್ಲಿ ಸೌತ್ ಎಂಡ್ ಸರ್ಕಲ್ ತನಕ ಬೈಸಿಕೊಂಡೆ.

ಆಶ್ರಮದ ವಾರಿಜಾ ಮೇಡಂ ಮೂವತ್ತನೇ ತಾರೀಖು ಮನೆ ನೋಡಲು ಬರುತ್ತಾರೆ. ಅವರು ಸರಿ ಅಂದರೆ ಕೋರ್ಟಿಗೆ ಅರ್ಜಿ. ಒಂದು ಮಾತು ಖಡಕ್ಕಾಗಿ ಹೇಳಿದರು. “ನಿಮ್ಮಲ್ಲಿ ಜಗಳ ಇದ್ರೆ ಈಗ್ಲೇ ಹೇಳ್ಬಿಡಿ. ಮಗು ಬಂದ್ಮೇಲೆ ಆದ್ರೆ ಅನುಭವಿಸೋದು ಅದು.”

ಮಳೆ ಬರುವ ಹಾಗಿದೆ ಮೇಡಂ, ಹೊರಡುತ್ತೇವೆ ಅಂದೆ.

೨೩ ಜೂನ್, ಭಾನುವಾರ, ಮಧ್ಯಾಹ್ನ

ಎಂಥ ಕೆಲಸ ಮಾಡಿಕೊಂಡೆ.

ಅಣ್ಣ ಬಾ ಅಂದ, ಎದುರು ಮನೆಗೆ ಹೋದೆ. ಜಗಲಿಯ ಮೇಲೆ ಊರಿನ ಐದು ಜನ ಹಿರಿಯರು, ನಡುವೆ ಯಜಮಾನ ರಾಮಯ್ಯ. ಮಾತು ಮಳೆಯದು, ಬಸ್ಸಿನದು, ಹೊಸ ಬ್ಲಾಕಿನದು. ನಾನೂ ಖುಷಿಯಲ್ಲಿ ನಮ್ಮ ಮೇಸ್ತ್ರಿ ಪೈಪಿಗೆ ಎಡವಿ ಕೆಸರಿಗೆ ಬಿದ್ದ ಕಥೆ ಹೇಳುತ್ತಿದ್ದೆ. ಅಣ್ಣ ಒಂದು ತಟ್ಟೆ ತಂದು ನನ್ನ ಮುಂದೆ ಇಟ್ಟ. ವೀಳ್ಯದೆಲೆ, ಅಡಿಕೆ. ಕಥೆ ನಿಲ್ಲಿಸದೆ ಎರಡು ಎಲೆ ಒರೆಸಿ, ಸುಣ್ಣ ಹಚ್ಚಿ, ಮಡಿಸಿ ಬಾಯಿಗೆ ಹಾಕಿಕೊಂಡೆ.

ಎಲ್ಲರೂ ನನ್ನ ಬಾಯನ್ನೇ ನೋಡಿದರು. ಮೇಸ್ತ್ರಿ ಇನ್ನೂ ಕೆಸರಲ್ಲೇ ಇದ್ದ.

ರಾಮಯ್ಯ ಹೇಳಿದರು. “ಬೈರ ವೀಳ್ಯ ಎತ್ತವ್ನೆ. ಮುನಿರಾಜ ಅವನ ಮಗ. ಮಾತು ಮುಗೀತು.”

ಹಿರಿಯರ ಮುಂದೆ ಇಟ್ಟ ವೀಳ್ಯ ಎತ್ತಿದರೆ ಒಪ್ಪಿದ ಹಾಗೆ. ಮದುವೆಯೋ ಎಮ್ಮೆಯೋ, ನಮ್ಮ ಯಡಿಯೂರಿನಲ್ಲಿ ಎಲ್ಲಕ್ಕೂ ಅದೇ. ನನಗೆ ಗೊತ್ತಿಲ್ಲವೇ? ನನಗೆ ಗೊತ್ತು, ಕೈಗೆ ಗೊತ್ತಿಲ್ಲ. ಇಲ್ಲ ಅನ್ನಲು ಬಾಯಿ ತುಂಬ ರಸ. ಉಗಿಯೋಣವೆಂದರೆ ಅಣ್ಣನ ಜಗಲಿ. ನುಂಗಿದೆ.

ಅದೇ ದಿನ, ಸಂಜೆ

ನಾರಾಯಣಮ್ಮನಿಗೆ ಹೇಳಿದೆ. ಕೂಗಾಡಲಿಲ್ಲ. ಮುದ್ದೆ ತಿರುವುತ್ತಲೇ ಇದ್ದಳು. ಕೋಲು ಕೆಳಗಿಟ್ಟು ಆಮೇಲೆ ಅಂದಳು. “ಎಲೆ ಅಗಿದೋನು ನೀನು. ಮಡ್ಲು ನಂದು. ನಾನು ಒಡ್ಡಿಲ್ಲ.”

ಅಷ್ಟೇ. ಇಪ್ಪತ್ತೈದು ವರ್ಷದಲ್ಲಿ ಇವಳ ಮುಂದೆ ನನಗೆ ಜೋಕ್ ಹುಟ್ಟದೇ ಹೋದದ್ದು ಇದೇ ಮೊದಲು.

೨೬ ಜೂನ್, ಬುಧವಾರ

ದಾರಿಯಲ್ಲಿ ಸಿಕ್ಕವರೆಲ್ಲ ಮಗ ಬಂದನಂತೆ, ಸಿಹಿ ಎಲ್ಲಿ ಅನ್ನುತ್ತಾರೆ. ಹೆರಿಗೆ ಕಷ್ಟವಾಯಿತು, ಇನ್ನೂ ಬಾಣಂತನ ಅಂದೆ. ನಕ್ಕರು. ನನಗೆ ನಗು ಬರಲಿಲ್ಲ.

ಎತ್ತಿದ ವೀಳ್ಯ ಹಿಂದಿರುಗಿಸಲು ದಾರಿ ಇದೆಯೇ ಎಂದು ರಾಮಯ್ಯನವರನ್ನೇ ಕೇಳಿದೆ. ಇದೆಯಂತೆ. ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಅದೇ ಜಗಲಿ, ಅದೇ ಐದು ಜನ, ಎಲೆ ಮಾತ್ರ ಎರಡರಷ್ಟು. ಹಾಗೆ ಮಾಡಿದವರನ್ನು ಅವರು ಕಂಡಿಲ್ಲವಂತೆ. ಮಾಡಿದರೆ ಕೊಟ್ಟವನ ಮುಖಕ್ಕೆ ಹೊಡೆದ ಹಾಗೆ, ನೀರು ನೆಂಟಸ್ತಿಕೆ ಎಲ್ಲ ಬಂದ್.

ಕಾಣಲಿ. ನನ್ನಿಂದ ಯಜಮಾನರಿಗೂ ಒಂದು ಹೊಸದು.

೨೯ ಜೂನ್, ಶನಿವಾರ

ಕೊಟ್ಟು ಬಂದೆವು.

ಸುಳ್ಳು ಯಾಕೆ, ತಟ್ಟೆ ಹಿಡಿದದ್ದು ನಾರಾಯಣಮ್ಮ. ಅಣ್ಣನ ಮುಂದೆ ಇಟ್ಟು, ಮುನಿರಾಜ ನಮ್ಮ ಮನೆಯಲ್ಲಿ ಯಾವತ್ತು ಬೇಕಾದರೂ ಉಣ್ಣಬಹುದು, ದತ್ತು ಮಾತ್ರ ಬೇಡ ಎಂದಳು. ಒಳಗೆ ಬಾಗಿಲ ಹಿಂದೆ ಮುನಿರಾಜನ ತಾಯಿ ಮಂಗಮ್ಮ ಜೋರಾಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಪಾಪ, ಅವಳನ್ನು ಯಾರೂ ಕೇಳಿಯೇ ಇರಲಿಲ್ಲ.

ಅಣ್ಣನ ಮುಖ ಕಪ್ಪಾಯಿತು. “ಈ ತಟ್ಟೆ ಇಟ್ಟು ಹೋದ್ರೆ ನಿನ್ ಮನೇಲಿ ನೀರೂ ಮುಟ್ಟಲ್ಲ ಕಣೋ ಬೈರ.”

“ಮುಟ್ಬೇಡ ಬಿಡಣ್ಣ. ನನ್ ಮಗಳಿಗೆ ಜಾಸ್ತಿ ಉಳೀತದೆ.”

ಮಗಳು. ಅಷ್ಟು ಜನರ ಮುಂದೆ ಬಾಯಿಗೆ ಬಂದೇ ಬಿಟ್ಟಿತು.

ರಾಮಯ್ಯ ಎಲೆ ಎಣಿಸಿದರು. ಸರಿಯಾಗಿದೆ ಅಂದರು.

೩೦ ಜೂನ್, ಭಾನುವಾರ

ವಾರಿಜಾ ಮೇಡಂ ಬಂದರು. ಮನೆ, ಬಚ್ಚಲು, ಬಾವಿಯ ಕಟ್ಟೆ ಎಲ್ಲ ನೋಡಿದರು. ಜಗಳ ಇದೆಯೇ ಎಂದು ಕೇಳಿದರು. ನಾನು ಮಾತು ತಿರುಗಿಸೋಣ ಅಂದುಕೊಳ್ಳುವಷ್ಟರಲ್ಲಿ ನಾರಾಯಣಮ್ಮ ವೀಳ್ಯದ ಕಥೆ ಪೂರ್ತಿ ಹೇಳಿಬಿಟ್ಟಳು. ಕೆಟ್ಟೆವು ಅಂದುಕೊಂಡೆ.

ಎದುರು ಜಗಲಿಯಲ್ಲಿ ಅಣ್ಣ ನಮಗೆ ಬೆನ್ನು ಹಾಕಿ ಕೂತಿದ್ದ. ಮೇಡಂ ಬೀದಿ ದಾಟಿ ಸೀದಾ ಅವನ ಹತ್ತಿರವೇ ಹೋದರು. ಈ ಮನೆಗೆ ಮಗು ಕೊಡಬಹುದೇ ಎಂದು ಕೇಳಿದರು. ನಾನು ಹೊಸಿಲಲ್ಲೇ ನಿಂತು ಕೇಳಿಸಿಕೊಂಡೆ. ಅಣ್ಣ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ನಾನು ಆ ಮನೇಲಿ ಉಣ್ಣಲ್ಲ ಮೇಡಂ. ಅದು ಬೇರೆ. ಮಗೂಗೆ ಕೈ ಎತ್ತೋನಲ್ಲ ನನ್ ತಮ್ಮ.”

ಮೇಡಂ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡರು.

೧೦ ನವೆಂಬರ್, ಭಾನುವಾರ

ಬರೆಯದೆ ಎಷ್ಟು ತಿಂಗಳಾಯಿತು. ಬರೀ ಕೋರ್ಟು, ವಕೀಲರು, ನಾಳೆ ಬನ್ನಿ. ಕೊನೆಗೆ ಅಪ್ಪಣೆ ಸಿಕ್ಕಿತು. ಜಯಾ ಬಂದು ನಾಲ್ಕು ದಿನ. ಶಾಸ್ತ್ರಕ್ಕೆ ಊರಿನಿಂದ ಬಂದವರು ಮೂರೇ ಜನ. ಮಾಡಿದ ಪಾಯಸ ಅಷ್ಟೂ ನಮಗೇ, ಎರಡು ದಿನ ತಿಂದೆವು. ಮಂಗಮ್ಮ ಹಿತ್ತಲಿನಿಂದ ಮುನಿರಾಜನ ಕೈಲಿ ಕೊಬ್ಬರಿ ಮಿಠಾಯಿ ಕಳಿಸಿದಳು. ಅಣ್ಣ ಬರಲಿಲ್ಲ. ಅವನ ಮಾತು ಅವನದು, ನಮ್ಮದು ನಮ್ಮದು.

ನಾರಾಯಣಮ್ಮನೂ ಕಡಿಮೆಯಿಲ್ಲ. ಮೊದಲ ದಿನವೇ ಮಗುವಿಗೆ ಎದುರು ಮನೆ ತೋರಿಸಿ, ಅವರು ನಿನ್ನ ದೊಡ್ಡಪ್ಪ, ಹಾಗೇ ಕರಿ, ಗಟ್ಟಿಯಾಗಿ ಕರಿ ಎಂದು ಹೇಳಿಕೊಟ್ಟಿದ್ದಾಳೆ. ನನ್ನನ್ನು ಏನನ್ನಬೇಕು ಅಂತ ಹೇಳಿಕೊಡಲು ಮರೆತಿದ್ದಾಳೆ. ಬೀದಿಯವರು ಕರೆಯುವ ಹಾಗೆ ಅವಳೂ ಬೈರಪ್ಪ ಅನ್ನುತ್ತಾಳೆ. ಅನ್ನಲಿ.

ಈಗ ಊಟದ ಹೊತ್ತು. ಜಯಾ ಹೊಸಿಲ ಮೇಲೆ ನಿಂತಿದ್ದಾಳೆ. ಎದುರು ಜಗಲಿಯ ಕಡೆ ಕೂಗುತ್ತಿದ್ದಾಳೆ — ದೊಡ್ಡಪ್ಪಾ, ಊಟಕ್ಕೆ ಬಾ. ಒಂದು ಸಲ. ಎರಡು ಸಲ. ಕಿಟಕಿಯಿಂದ ಕಾಣುತ್ತಿದೆ... ಅಣ್ಣ ಎದ್ದು ಒಳಗೆ ಹೋಗಲಿಲ್ಲ, ತಿರುಗಿಯೂ ನೋಡಲಿಲ್ಲ. ಮೂರನೇ ಸಲ ಕೂಗಿದಳು. ಟವೆಲಿನಿಂದ ಮುಖ ಒರೆಸಿಕೊಂಡ, ಬೆವರೋ ಏನೋ, ಈ ಚಳಿಯಲ್ಲಿ—

“ಬೈರಪ್ಪಾ, ನೀನಾದ್ರೂ ಬಾ. ಸಾರು ಆರೋಗ್ತಾ ಇದೆ.”

ಬರುತ್ತೇನೆ ಅಂದೆ. ಕೇಳಲಿಲ್ಲ, ಓಡಿ ಬಂದಳು, ಪೆನ್ಸಿಲ್ ಕಿತ್ತುಕೊಳ್ಳಲು—